ಕಾಗದ ಹರಿಯುವವನ ಹೊಟ್ಟೆಕಿಚ್ಚು

ಪಕ್ಕದ ಮನೆಯವರ ಕಾರು ನೋಡಿ ಹೊಟ್ಟೆ ಉರಿಸಿಕೊಂಡವರನ್ನು ನಾನು ಕಂಡಿದ್ದೇನೆ. ತಮ್ಮನ ಪಾಲಿಗೆ ಬಂದ ಮೂಲೆ ಸೈಟು ನೋಡಿ ಊಟ ಬಿಟ್ಟವರನ್ನೂ ಕಂಡಿದ್ದೇನೆ. ಅಮೃತಹಳ್ಳಿಯಂಥ ಊರಿನಲ್ಲಿ, ಹೊಲವೆಲ್ಲ ಸೈಟಾಗಿ ಸೈಟೆಲ್ಲ ಅಪಾರ್ಟ್‌ಮೆಂಟಾದ ಮೇಲೆ, ಅಂಥವರಿಗೇನು ಬರ? ಆದರೆ ಕಟ್ಟಿಕೊಂಡ ಹೆಂಡತಿಯ ಮೇಲೆ, ಅದೂ ಅರವತ್ತು ದಾಟಿದ ಮೇಲೆ, ಅದೂ ಒಂದು ಕಾಗದದ ಬುಟ್ಟಿಯ ಸಲುವಾಗಿ ಹೊಟ್ಟೆಕಿಚ್ಚು ಪಟ್ಟವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಕಾಗದದ ಬುಟ್ಟಿ ಎಂದರೆ ಈಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಓದಿ ಮುಗಿದ ಪೇಪರನ್ನು ಸಣ್ಣಗೆ ಹರಿದು ನಾಲ್ಕು ದಿನ ನೀರಿನಲ್ಲಿ ನೆನೆ ಹಾಕಬೇಕು. ದಿನಕ್ಕೊಂದು ಸಲ ನೀರು ಬದಲಿಸಿದರೆ ಮಸಿಯೆಲ್ಲ ಬಿಡುತ್ತದೆ. ಆಮೇಲೆ ಹಿಂಡಿ, ನೆನೆದ ಮೆಂತ್ಯದ ಜೊತೆ ಬೆಣ್ಣೆಯ ಹಾಗೆ ರುಬ್ಬಬೇಕು. ತಪ್ಪಲೆಯೊಂದನ್ನು ಬೋರಲು ಹಾಕಿ, ಒದ್ದೆ ಬಟ್ಟೆ ಸುತ್ತಿ, ಅದರ ತಳದಿಂದ ಹೊಟ್ಟೆಯವರೆಗೆ ಈ ಹಿಟ್ಟನ್ನು ತಟ್ಟುತ್ತಾ ಇಳಿಯಬೇಕು. ಎರಡು ದಿನ ನೆರಳು, ಆಮೇಲೆ ಬಿಸಿಲು. ಅವಸರಪಟ್ಟು ಮೊದಲ ದಿನವೇ ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಸರಿಯಾಗಿ ಒಣಗಿ ತಪ್ಪಲೆಯಿಂದ ಬಿಟ್ಟುಕೊಂಡ ಬುಟ್ಟಿಯನ್ನು ಬೆರಳಲ್ಲಿ ತಟ್ಟಿದರೆ ಮರದ ಹಾಗೆ ಟಕ್ ಅನ್ನುತ್ತದೆ. ಮೆಂತ್ಯದ ಕಹಿಗೆ ಹುಳ ಹತ್ತಿರ ಸುಳಿಯುವುದಿಲ್ಲ. ನಮ್ಮ ಮನೆಯಲ್ಲಿ ಹುರಿಹಿಟ್ಟು, ಸಂಡಿಗೆ, ಒಣಮೆಣಸಿನಕಾಯಿ ಎಲ್ಲವೂ ಇಂಥ ಬುಟ್ಟಿಗಳಲ್ಲೇ ಇರುತ್ತಿದ್ದವು. ಇದನ್ನೆಲ್ಲ ಮಾಡುತ್ತಿದ್ದವರು ನಮ್ಮಮ್ಮ.

ಆ ಕೆಲಸದಲ್ಲಿ ನನ್ನ ಪಾಲಿಗೆ ಬಂದದ್ದು ಕಾಗದ. ಬುದ್ಧಿ ಬಂದಾಗಿನಿಂದ ಅಮ್ಮನಿಗೆ ಕಾಗದ ಆಯ್ದು, ಹರಿದು ಕೊಡುತ್ತಿದ್ದವನು ನಾನೇ. ಆಯುವುದು ಸಾಮಾನ್ಯದ ಕೆಲಸವಲ್ಲ, ಅದಕ್ಕೊಂದು ಮಡಿಯಿತ್ತು. ಕ್ಯಾಲೆಂಡರಿನಲ್ಲಿ ದೇವರ ಮುಖವಿದ್ದರೆ ಕತ್ತರಿಸಿ ಎತ್ತಿಡಬೇಕು. ಮದುವೆ ಕಾಗದದ ನೆತ್ತಿಯ ಮೇಲಿನ ‘ಶ್ರೀ’ ಇರುವ ಸಾಲನ್ನು ಬಿಡಿಸಿಕೊಳ್ಳಬೇಕು. ಪೇಪರಿನಲ್ಲಿ ತೀರಿಕೊಂಡವರ ಫೋಟೊ ಹಾಕುವ ಪುಟ ಒಲೆ ಒರೆಸುವುದಕ್ಕೆ ಹೋಗಬೇಕು. ನುಣುಪು ಕಾಗದ ನೀರು ಕುಡಿಯುವುದಿಲ್ಲ, ಬೇಡ. ಇನ್ನು ಸಾವಿನ ಕಾಗದವಂತೂ ಹೊಸ್ತಿಲನ್ನೇ ದಾಟಕೂಡದು. ಯಾರ ಮನೆಯಿಂದಲಾದರೂ ವೈಕುಂಠ ಸಮಾರಾಧನೆಯ ಕಾರ್ಡು ಬಂದರೆ ಹೊರಗೇ ಓದಿ, ದಿನ ನೆನಪಿಟ್ಟುಕೊಂಡು, ಹೋಗಿ ಉಂಡು ಬಂದ ಮೇಲೆ ಹರಿದು ಹಾಕಬೇಕು. “ಬುಟ್ಟಿಗೆ ಅನ್ನ ತುಂಬ್ತೀವಿ ಕಣೋ. ಅದ್ರ ಮೈಯಾಗೆ ಏನೈತೆ ಅಂತ ನಮ್ಗೆ ಗೊತ್ತಿರ್ಬೇಕು” ಎನ್ನುತ್ತಿದ್ದರು ಅಮ್ಮ.

ಹರಿಯುವಾಗ ಅಮ್ಮ ಕತೆ ಹೇಳುತ್ತಿದ್ದರು. ಯಾವ ಗಾದೆ ಎಲ್ಲಿ ಹುಟ್ಟಿತು, ಯಾರ ಮನೆಯ ಎಮ್ಮೆ ಯಾವ ಕೆರೆಯಲ್ಲಿ ಕೂತುಬಿಟ್ಟಿತು, ಎಲ್ಲ. ನನ್ನ ಬಾಯಲ್ಲಿ ನಾಲ್ಕು ಒಳ್ಳೆ ಮಾತು ಬರುತ್ತದೆ ಎಂದು ಯಾರಾದರೂ ಅಂದರೆ, ಅದು ಆ ಹರಿದ ಕಾಗದದ ರಾಶಿಯ ಪಕ್ಕ ಕಲಿತದ್ದು. ಆದರೆ ಹಿಟ್ಟು ರುಬ್ಬಿ ತಪ್ಪಲೆ ಬೋರಲು ಬಿದ್ದ ಕೂಡಲೇ ಅಮ್ಮನ ಮಾತು ನಿಲ್ಲುತ್ತಿತ್ತು. “ಸಾಕು, ಏಳು ಮಗ. ಗಂಡಸ್ರ ಅಂಗೈ ಬಿಸಿ. ಹಿಟ್ಟು ಮುನಿಸ್ಕೊಳ್ತದೆ.” ನಾನು ಏಳುತ್ತಿದ್ದೆ. ಎದ್ದು ಬಾಗಿಲಿನಿಂದ ನೋಡುತ್ತಿದ್ದೆ. ಆ ಎರಡು ಹೆಬ್ಬೆರಳು ಹಿಟ್ಟನ್ನು ತಳ್ಳಿಕೊಂಡು ಇಳಿಯುವ ಚೆಂದ ಇದೆಯಲ್ಲ, ಯಶವಂತಪುರದ ಕಡೆ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಕಬ್ಬಿಣ ಕಡೆಯುವ ಲೇತಿನ ಮುಂದೆ ನಿಂತರೂ ಅಂಥ ಸುತ್ತು ನನ್ನ ಕೈಯಿಂದ ಬರಲಿಲ್ಲ.

ನಿವೃತ್ತನಾದ ಮೇಲೆ ಒಂದು ದಿನ ಧೈರ್ಯ ಮಾಡಿ ಕೇಳಿದೆ. ಅಮ್ಮನಿಗೆ ಆಗ ಎಂಬತ್ತೆರಡು. ಬೆರಳ ಗಂಟುಗಳು ಊದಿಕೊಂಡು ಮುಷ್ಟಿ ಮಡಚಲು ಬರುತ್ತಿರಲಿಲ್ಲ. ಬುಟ್ಟಿ ಮಾಡುವುದು ನಿಂತು ಎರಡು ವರ್ಷವಾಗಿತ್ತು.

“ಅಮ್ಮಾ, ನಂಗೆ ಕಲ್ಸು. ನಿನ್ ಕೈಯಿಂದ ಆಗ್ದಿದ್ರೆ ಬಾಯಲ್ಲಿ ಹೇಳು, ನಾನ್ ತಟ್ತೀನಿ.”

ಅಮ್ಮ ನಕ್ಕರು. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಕ್ಕರು. “ಕಬ್ಬಿಣ ಕೆರ್ದೋನ್ಗೆ ಕಾಗ್ದ ಒಲಿಯಾದುಂಟಾ? ಓಗ್, ಓಗಿ ಹಾಲು ತತ್ತಾ.”

ನಾನು ಹಾಲು ತಂದೆ. ಬೇಸರವಾದರೂ ನುಂಗಿಕೊಂಡೆ. ಅಮ್ಮ ಯಾರಿಗೂ ಕಲಿಸುವುದಿಲ್ಲ, ಇದು ಅವರ ಜೊತೆಗೇ ಹೋಗುತ್ತದೆ ಎಂದುಕೊಂಡರೆ ಅದರಲ್ಲೂ ಒಂದು ಸಮಾಧಾನವಿತ್ತು.

ಆ ಸಮಾಧಾನವನ್ನು ಕೆಡಿಸಿದವಳು ನನ್ನ ಹೆಂಡತಿ.

ನನ್ನವಳ ವಿಷಯ ಹೇಳಬೇಕು. ಮದುವೆಯಾಗಿ ಬಂದ ಮೊದಲ ವಾರವೇ ಮೆಂತ್ಯದ ವಾಸನೆಗೆ ತಲೆನೋವು ಎಂದವಳು ಅವಳು. ಅಡುಗೆಯ ಗ್ರೈಂಡರಿನಲ್ಲಿ ಕಾಗದ ರುಬ್ಬಿದರೆ ತವರಿಗೆ ಹೋಗುತ್ತೇನೆ ಎಂದಿದ್ದಳು. ಅತ್ತೆ ಸೊಸೆ ಜಗಳವಾಡಿದವರಲ್ಲ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಮೂವತ್ತು ವರ್ಷ ಒಬ್ಬರಿಗೊಬ್ಬರು ತೀರಾ ಮರ್ಯಾದೆಯಿಂದ ಇದ್ದರು. “ಕಾಫಿ ಕುಡೀತೀರಾ ಅತ್ತೆ?” “ಕೊಟ್ರೆ ಕುಡೀತೀನಿ.” ಅಷ್ಟೇ ಮಾತು.

ಅಂಥವಳು ಹೋದ ವರ್ಷ ಒಂದು ಮಧ್ಯಾಹ್ನ, ಒಡೆದುಹೋದ ಒಂದು ಹಳೆಯ ಬುಟ್ಟಿಯನ್ನು ಅಮ್ಮನ ಮುಂದಿಟ್ಟು, “ಅತ್ತೆ, ಇದರ ಬಾಯಿ ಕಿತ್ತೋಗಿದೆ. ತೇಪೆ ಹಾಕಕ್ಕಾಗುತ್ತಾ?” ಎಂದು ಕೇಳಿದಳು. ಒಂದು ಹಿಡಿ ಹಿಟ್ಟು ರುಬ್ಬಿದರು. ಅಮ್ಮ ಹೇಳಿದರು, ಇವಳು ತಟ್ಟಿದಳು. ನಾನು ಹೆಬ್ಬಾಳಕ್ಕೆ ಏನೋ ಕೆಲಸದ ಮೇಲೆ ಹೋಗಿದ್ದವನು ವಾಪಸು ಬರುವಷ್ಟರಲ್ಲಿ ತೇಪೆ ಮುಗಿದಿತ್ತು. ಅಮ್ಮ ಆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಾ ಕೂತಿದ್ದರು.

“ನೋಡೋ ಇಲ್ಲಿ. ಎಲ್ಲಿ ತೇಪೆ ಐತೆ ಯೋಳು ನೋಡಾನ? ನಿನ್ ಎಂಡ್ತಿ ಕೈನಾಗೆ ಹದ ಐತೆ ಕಣೋ. ಇಷ್ಟ್ ದಿನ ಮುಚ್ಚಿಟ್ಕಂಡಿದ್ಳು ಕಳ್ಳಿ.”

ಇವಳು ಸೆರಗಿಗೆ ಕೈ ಒರೆಸಿಕೊಂಡು ನಕ್ಕಳು. ಅಮ್ಮನೂ ನಕ್ಕರು. ಮೂವತ್ತು ವರ್ಷದಲ್ಲಿ ಇವರಿಬ್ಬರೂ ಒಟ್ಟಿಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಬೇರೆ ಯಾವ ಗಂಡಸಾದರೂ ದೇವರಿಗೆ ತೆಂಗಿನಕಾಯಿ ಒಡೆಯುತ್ತಿದ್ದ. ನನಗೆ ಎದೆಯಲ್ಲಿ ಹಸಿಮೆಣಸಿನಕಾಯಿ ಕಚ್ಚಿದ ಹಾಗಾಯಿತು.

ಅಲ್ಲಿಂದ ಶುರುವಾಯಿತು. ಅಟ್ಟದಲ್ಲಿದ್ದ ಹಳೆಯ ಗ್ರೈಂಡರ್ ಕೆಳಗಿಳಿಯಿತು. ಮಧ್ಯಾಹ್ನ ಊಟವಾದ ಮೇಲೆ ಹಿಂದಿನ ಜಗಲಿಯಲ್ಲಿ ಇಬ್ಬರೂ ಕೂರುವರು. ನನ್ನ ಕೆಲಸ ಮೊದಲಿನದೇ, ಕಾಗದ. ಅದೂ ಈಗ ಸುಲಭವಲ್ಲ. ನಮ್ಮ ಬೀದಿಯಲ್ಲಿ ಪೇಪರು ತರಿಸುವ ಮನೆ ಮೂರೇ ಮೂರು. ಎಲ್ಲರೂ ಮೊಬೈಲಿನಲ್ಲೇ ಓದುವವರು. ಬಾಗಿಲಿಗೆ ಸಿಕ್ಕಿಸಿ ಹೋಗುವ ಕಾಗದವೆಲ್ಲ ದೇವನಹಳ್ಳಿ ಕಡೆಯ ವಿಲ್ಲಾದವರ ನುಣುಪು ಜಾಹೀರಾತು, ನೀರಿಗೆ ಹಾಕಿದರೆ ಮೀನಿನ ಹಾಗೆ ತೇಲುತ್ತದೆ. ನಾನು ಯಶವಂತಪುರದ ಮಾರ್ಕೆಟ್ಟಿನವರೆಗೆ ಹೋಗಿ ಮೆಂತ್ಯದ ಜೊತೆ ಅಂಗಡಿಯವರ ರದ್ದಿ ಪೇಪರಿನ ಕಟ್ಟನ್ನೂ ಹೊತ್ತು ತರುತ್ತಿದ್ದೆ. ತಂದು, ಆಯ್ದು, ಹರಿದು, ನೆನೆ ಹಾಕಿ, ಹಿಂಡಿ ಕೊಡುತ್ತಿದ್ದೆ. ಆಮೇಲೆ ಅಮ್ಮ ನನ್ನ ಕಡೆ ನೋಡುತ್ತಿದ್ದರು. ಆ ನೋಟದ ಅರ್ಥ ಐವತ್ತು ವರ್ಷದಿಂದ ಗೊತ್ತು. ಏಳು ಮಗ.

ನಾನು ಎದ್ದ ಮೇಲೆ ಅಮ್ಮ ಮಾತು ನಿಲ್ಲಿಸುತ್ತಿದ್ದರಲ್ಲ, ಈಗ ನಿಲ್ಲಿಸುತ್ತಿರಲಿಲ್ಲ. ಅದು ನನಗೆ ಹೆಚ್ಚು ಚುಚ್ಚಿತು. ನನಗೆ ಹೇಳಿದ ಕತೆಗಳನ್ನೇ ಅವಳಿಗೂ ಹೇಳುತ್ತಿದ್ದರು. ಎಮ್ಮೆ ಕೆರೆಯಲ್ಲಿ ಕೂತ ಕತೆ ಬಂದಾಗ ನಾನು ಒಳಗಿನಿಂದ, “ಅದು ನಮ್ಮ ದೊಡ್ಡಪ್ಪನ ಎಮ್ಮೆ” ಎಂದು ಕೂಗಿದೆ. “ಗೊತ್ತು ಸುಮ್ನಿರ್ರೀ, ಅತ್ತೆ ಆಗ್ಲೇ ಹೇಳಿದ್ರು” ಎಂದಳು ಇವಳು.

ಜಕ್ಕೂರಿನ ಕಡೆ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಹೆಂಗಸರಿಗೆ ಇದು ಹೇಗೋ ಗೊತ್ತಾಗಿ, ಒಂದು ಭಾನುವಾರ ಬಂದು ತೋರಿಸಿಕೊಡಿ ಎಂದು ಕರೆದರು. ಅಮ್ಮನನ್ನು ಕುರ್ಚಿಯ ಮೇಲೆ ಕೂರಿಸಿದರು. ಇವಳು ಮುಂದೆ ಕೂತು ತಟ್ಟಿದಳು. ನಾನು ಹಿಟ್ಟಿನ ಟಬ್ಬು ಹೊತ್ತವನು, ಕಂಬದ ಪಕ್ಕ ನಿಂತಿದ್ದೆ. ಇಪ್ಪತ್ತು ಮೊಬೈಲುಗಳು ಇವಳ ಹೆಬ್ಬೆರಳಿನ ಮೇಲೆ ನೆಟ್ಟಿದ್ದವು. ಆ ಹೆಬ್ಬೆರಳು ಇಳಿದ ರೀತಿ, ನಿಜ ಹೇಳಬೇಕೆಂದರೆ, ಅಮ್ಮನದೇ. ಇವಳು ಕದ್ದಿದ್ದಾಳೆ ಎನ್ನಿಸಿತು. ನನ್ನ ಮನೆಯದನ್ನು, ನನ್ನ ಕಣ್ಣೆದುರಿಗೇ.

ಒಬ್ಬಳು ಹುಡುಗಿ ನನ್ನ ಕಡೆ ತಿರುಗಿ, “ಅಂಕಲ್, ನೀವೂ ಮಾಡ್ತೀರಾ?” ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮುಂಚೆ ಇವಳೇ ಹೇಳಿದಳು: “ಇಲ್ಲಮ್ಮಾ, ಅವರು ಪೇಪರ್ ಹರೀತಾರೆ.”

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ ಅದು. ಇವಳೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಮನೆಗೆ ಬರುವ ದಾರಿಯಲ್ಲಿ ಆಟೋದಲ್ಲಿ ನಾನು ಇಬ್ಬರ ಜೊತೆಯೂ ಮಾತಾಡಲಿಲ್ಲ. ಅವರಿಬ್ಬರಿಗೂ ಅದು ಗೊತ್ತಾಗಲೂ ಇಲ್ಲ, ಅವರ ಮಾತೇ ಅವರಿಗೆ ಸಾಕಾಗಿತ್ತು.

ಈ ಹೊತ್ತಿಗೆ ನಮ್ಮ ಮಗಳ ಮದುವೆ ಗೊತ್ತಾಯಿತು. ಮಗಳು ಯಲಹಂಕದ ಒಂದು ಶಾಲೆಯಲ್ಲಿ ಟೀಚರು. ನಮ್ಮ ಮನೆಯಿಂದ ಹೆಣ್ಣು ಗಂಡನ ಮನೆಗೆ ಹೊರಟಾಗ ಜೋಡಿ ಬುಟ್ಟಿ ಕೊಟ್ಟು ಕಳಿಸುತ್ತೇವೆ. ಒಂದರಲ್ಲಿ ಅಕ್ಕಿ, ಇನ್ನೊಂದರಲ್ಲಿ ಅರಿಶಿನದ ಕೊಂಬು, ಬೆಲ್ಲ, ಕೊಬ್ಬರಿ. ಈ ಪದ್ಧತಿ ಹಾಕಿದವರು ಅಮ್ಮನೇ. ನನ್ನ ಅಕ್ಕ, ತಂಗಿ ಇಬ್ಬರೂ ಅಮ್ಮ ಮಾಡಿದ ಜೋಡಿ ತೆಗೆದುಕೊಂಡು ಹೋದವರು.

“ಅಜ್ಜಿ, ನಂಗೂ ಬೇಕು” ಎಂದಳು ಮಗಳು. “ಅಂಗಡೀದಲ್ಲ. ನಮ್ಮನೇದೇ.”

“ನಿಮ್ಮವ್ವ ಮಾಡ್ತಾಳೆ ಬಿಡು” ಎಂದರು ಅಮ್ಮ.

ನಾನು ಅಲ್ಲೇ ಇದ್ದೆ. “ಜೋಡಿ ಅಲ್ವಾ ಅಮ್ಮ. ಒಂದನ್ನ ನಾನು ಮಾಡ್ಲಾ? ನನ್ನ ಮಗಳ ಮದುವೆ.”

ಅಮ್ಮ ಈ ಸಲ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. “ಮದ್ವೆ ಮನೆ ಬುಟ್ಟಿ ಕಣೋ ಇದು, ಆಟದ್ದಲ್ಲ. ನೀನು ಒಳ್ಳೇ ಕಾಗ್ದ ನೋಡಿ ಆಯ್ಕೊಡು, ಸಾಕು.”

ಮರುದಿನ ನಾನು ಮುಂಬಾಗಿಲಿನ ಮೆಟ್ಟಿಲ ಮೇಲೆ ಕಾಗದದ ಕಟ್ಟು ಬಿಚ್ಚಿಕೊಂಡು ಕೂತೆ. ಹಿಂದಿನ ಜಗಲಿಯಿಂದ ಇಬ್ಬರ ನಗು ಕೇಳುತ್ತಿತ್ತು. ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಕರೆಂಟಿನ ಮೀಟರಿನ ಪೆಟ್ಟಿಗೆ ಇದೆ. ಅದರ ಮೇಲೆ ಒಂದು ಕಾರ್ಡಿತ್ತು. ನನ್ನ ಜೊತೆ ಪಕ್ಕದ ಲೇತಿನಲ್ಲಿ ಇಪ್ಪತ್ತು ವರ್ಷ ನಿಂತಿದ್ದ ಗೆಳೆಯನ ವೈಕುಂಠ ಸಮಾರಾಧನೆಯದು. ಅವನು ಹೋಗಿ ಎರಡು ತಿಂಗಳಾಗಿತ್ತು. ಹೋಗಿ ಉಂಡು ಬಂದಿದ್ದೆ, ಹರಿಯಬೇಕಾಗಿತ್ತು, ಅವನ ಹೆಸರನ್ನು ಹರಿಯಲು ಮನಸ್ಸು ಬಂದಿರಲಿಲ್ಲ. ಒಳಗೆ ತರುವಂತಿಲ್ಲ, ಹಾಗಾಗಿ ಅಲ್ಲೇ ಇತ್ತು.

ನಾನು ಆ ಕಾರ್ಡು ತೆಗೆದುಕೊಂಡೆ. ಹರಿದೆ. ಬೇಕಾದ್ದಕ್ಕಿಂತ ಸಣ್ಣಗೆ ಹರಿದೆ. ಮಗಳ ಮದುವೆಯ ಬುಟ್ಟಿಯ ಕಾಗದದ ರಾಶಿಗೆ ಸೇರಿಸಿ, ಎರಡೂ ಕೈಯಲ್ಲಿ ಕಲಸಿಬಿಟ್ಟೆ.

ಯಾಕೆ ಹಾಗೆ ಮಾಡಿದೆ ಎಂದು ಕೇಳಿದರೆ ಈಗಲೂ ನೆಟ್ಟಗೆ ಹೇಳಲಾರೆ. ಅವಳು ಮಾಡುವ ಬುಟ್ಟಿಯೊಳಗೆ ಅವಳಿಗೆ ಗೊತ್ತಿಲ್ಲದ್ದು, ನನಗೊಬ್ಬನಿಗೇ ಗೊತ್ತಿರುವುದು ಒಂದಿರಲಿ ಎಂದಷ್ಟೇ ಆ ಗಳಿಗೆಗೆ ಅನ್ನಿಸಿತ್ತು. ಮಗಳ ನೆನಪು ಬರಲಿಲ್ಲ. ಬರಬೇಕಾಗಿತ್ತು.

ನಾಲ್ಕು ದಿನ ಅದು ನೆನೆಯಿತು. ದಿನವೂ ನೀರು ಬದಲಿಸುವವನು ನಾನೇ. ಆ ನಾಲ್ಕು ದಿನದಲ್ಲಿ ಎಂದಾದರೂ ಟಬ್ಬನ್ನು ಚರಂಡಿಗೆ ಬೋರಲು ಹಾಕಿ, “ಅಯ್ಯೋ, ಕೈಜಾರಿತು” ಎಂದಿದ್ದರೆ ಮುಗಿದುಹೋಗುತ್ತಿತ್ತು. ಒಂದು ದಿನ ಹಾಗೆ ಮಾಡಬೇಕೆಂದು ಎತ್ತಿದ್ದೆ ಕೂಡ. ಅಷ್ಟರಲ್ಲಿ ಒಳಗೆ ಅಮ್ಮ ಇವಳ ತಲೆಗೆ ಎಣ್ಣೆ ಹಚ್ಚುತ್ತಿರುವುದು ಕಿಟಕಿಯಿಂದ ಕಂಡಿತು. ಮಡಚಲು ಬಾರದ ಆ ಬೆರಳುಗಳಲ್ಲೇ. ಟಬ್ಬನ್ನು ಕೆಳಗಿಟ್ಟು ಬರೀ ನೀರು ಬದಲಿಸಿ ಬಂದೆ.

ರುಬ್ಬಿದರು. ತಟ್ಟಿದಳು. ನೆರಳಾಯಿತು, ಬಿಸಿಲಾಯಿತು. ಆರನೆಯ ದಿನ ಎರಡನ್ನೂ ತಪ್ಪಲೆಯಿಂದ ಬಿಡಿಸಿದಾಗ ನಾನೂ ಅಲ್ಲಿದ್ದೆ. ಇಂಥ ಬುಟ್ಟಿಯನ್ನು ಅಮ್ಮನೂ ಮಾಡಿರಲಿಲ್ಲವೇನೋ. ಮೊಟ್ಟೆಯ ಸಿಪ್ಪೆಯ ಹಾಗೆ ಒಂದೇ ಸಮ ದಪ್ಪ, ಎಲ್ಲೂ ಬೆರಳ ಗುರುತಿಲ್ಲ. ಅಮ್ಮನ ಕಣ್ಣು ಈಗ ಮಂಜು. ಅವರು ನೋಡುವುದು ಕೈಯಲ್ಲಿ. ಒಳಗೆ ಸವರಿದರು, ಹೊರಗೆ ಸವರಿದರು, ಅಂಚಿಗೆ ಕೆನ್ನೆ ತಾಗಿಸಿ ನೋಡಿದರು.

“ಇದು ಬುಟ್ಟಿ” ಎಂದರು.

ಎರಡೇ ಮಾತು. ಆ ಎರಡು ಮಾತಿಗಾಗಿ ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಕಾದಿದ್ದೆ.

ಮದುವೆಗೆ ಹದಿನೈದು ದಿನವಿತ್ತು. ಬುಟ್ಟಿಗಳ ಮೇಲೆ ಬಿಳಿ ಬಟ್ಟೆ ಹೊದಿಸಿ ದೇವರ ಮನೆಯ ಪಕ್ಕದ ಕಪಾಟಿನ ಮೇಲೆ ಇಟ್ಟರು. ನಾನು ಆ ಕಡೆ ಹೋಗುವುದನ್ನೇ ಬಿಟ್ಟೆ. ಮೂರನೆಯ ದಿನ ಸಂಜೆ ಮಗಳು ಕುಂಟುತ್ತಾ ಬಂದಳು. ಹೆಬ್ಬಾಳದ ಫ್ಲೈಓವರಿಗೆ ಹತ್ತುವಲ್ಲಿ ಜಲ್ಲಿಯ ಮೇಲೆ ಸ್ಕೂಟರ್ ಜಾರಿತ್ತು. ಮಂಡಿ ತರಚಿತ್ತು, ಅಷ್ಟೇ. “ಏನಿಲ್ಲಪ್ಪಾ, ದಿನಕ್ಕೆ ಹತ್ತು ಜನ ಬೀಳ್ತಾರೆ ಅಲ್ಲಿ” ಎಂದು ನಕ್ಕಳು. ನನ್ನ ಕಣ್ಣು ಕಪಾಟಿನ ಮೇಲಿನ ಬುಟ್ಟಿಗಳ ಕಡೆ ಹೋಯಿತು. ಅರಿಶಿನ ತಂದು ಹಚ್ಚಬೇಕಾದವನು ಗೋಡೆ ಹಿಡಿದು ನಿಂತುಬಿಟ್ಟೆ. ಇಂಥದನ್ನೆಲ್ಲ ನಂಬುತ್ತೀಯಾ ಎಂದು ಕಾರ್ಖಾನೆಯಲ್ಲಿ ಯಾರಾದರೂ ಕೇಳಿದ್ದರೆ, ಇಲ್ಲಪ್ಪ ಎನ್ನುತ್ತಿದ್ದೆ. ಆದರೆ ಆ ಕಾರ್ಡನ್ನು ಅಲ್ಲಿಗೆ ಹಾಕಿದವನು ನಾನು, ಅದು ಏನು ಎಂದು ಗೊತ್ತಿದ್ದೇ ಹಾಕಿದವನು. ನಂಬದವನು ಅದನ್ನು ಯಾಕೆ ಹಾಕುತ್ತಾನೆ?

ಮರುದಿನ ಬೆಳಿಗ್ಗೆ ಅಮ್ಮ ಮಹಡಿಯ ಮೇಲೆ ಬಿಸಿಲಿಗೆ ಕಾಲು ಚಾಚಿ ಕೂತಿದ್ದಾಗ ಹೋಗಿ ಹೇಳಿದೆ. ಕಾರ್ಡು ತೆಗೆದದ್ದು, ಹರಿದದ್ದು, ಕಲಸಿದ್ದು, ನಾಲ್ಕು ದಿನ ನೀರು ಬದಲಿಸಿದ್ದು, ಯಾವುದನ್ನೂ ಬಿಡಲಿಲ್ಲ.

ಅಮ್ಮ ಕಾಲನ್ನು ಒಂದೊಂದಾಗಿ ಒಳಗೆಳೆದುಕೊಂಡರು.

“ಯಾರ್ದು ಕಾಗ್ದ?”

ಹೇಳಿದೆ.

“ಅವ್ನದಾ... ನಮ್ಮನೇಲಿ ಎಷ್ಟ್ ಸತಿ ಉಂಡವ್ನೆ. ಉಪ್ಪಿನ್‌ಕಾಯಿ ಅಂದ್ರೆ ಪ್ರಾಣ ಬಿಡೋನು.” ಸ್ವಲ್ಪ ಹೊತ್ತು ಅವನನ್ನೇ ನೆನೆಸಿಕೊಂಡವರ ಹಾಗೆ ಕೂತಿದ್ದು, “ಆ ಬುಟ್ಟಿ ಎರಡೂ ನಮ್ಮನೇಲೇ ಇರ್ಲಿ. ಮೆಣ್ಸಿನ್‌ಕಾಯಿ ಆಕಾನ. ಮಗೀಗೆ ಬೇರೆ ಮಾಡ್ಬೇಕು” ಎಂದರು.

ಅಷ್ಟು ಸುಲಭವಾಗಿ ಮುಗಿಯಿತು ಎಂದುಕೊಂಡು ಏಳಲು ಹೋದೆ. ಅಮ್ಮ ನನ್ನ ಮಣಿಕಟ್ಟು ಹಿಡಿದರು.

“ನಿನ್ ಎಂಡ್ತಿ ಕೇಳ್ತಾಳೆ, ಯಾಕೆ ಬೇರೆ ಅಂತ. ನಾನ್ ಯೋಳಲ್ಲ. ನೀನೇ ಯೋಳು.”

“ಅಮ್ಮಾ, ಬಿರುಕು ಬಿಟ್ಟಿದೆ ಅಂತ...”

“ಅವ್ಳು ತಟ್ಟಿದ್ದು ಬಿರುಕು ಬಿಡಲ್ಲ. ಅವ್ಳ್ ಕೈಗೆ ಕೆಟ್ಟೆಸ್ರು ತರ್ಬೇಡ. ಐವತ್ತೊರ್ಸದಿಂದ ನೀನು ಆಯ್ದಿದ್ ಕಾಗ್ದಾನ ನಾನ್ ಒಂದಿನ ತಿರುಗ್ಸಿ ನೋಡಿಲ್ಲ ಕಣೋ. ಒಂದಿನ ನೋಡಿಲ್ಲ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಡುಗೆಮನೆಗೆ ಹೋದೆ. ಇವಳು ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದಳು. ಹೇಳುತ್ತಾ ಹೋದೆ. ಅರ್ಧ ಹೇಳುವಷ್ಟರಲ್ಲಿ ಸ್ಟೌ ಆರಿಸಿದಳು. ಪೂರ್ತಿ ಹೇಳಿದ ಮೇಲೆ ಕೈಲಿದ್ದ ಸೌಟನ್ನು ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟಳು. ಎಸೆಯಲಿಲ್ಲ.

“ನನ್ ಮೇಲೆ ಹೊಟ್ಟೆಕಿಚ್ಚಾ?” ಎಂದಳು. ನಂಬಲಾಗದವಳ ಹಾಗೆ ಇನ್ನೊಂದು ಸಲ, “ನನ್ ಮೇಲಾ?” ಎಂದಳು.

ನಾನು ಹೂಂ ಎಂದೆ.

“ಮಗಳು ಕಣ್ರೀ. ಬುಟ್ಟಿ ನಂದಲ್ಲ, ಮಗಳದ್ದು.”

“ಗೊತ್ತು.”

“ಏನ್ ಗೊತ್ತು ನಿಮ್ಗೆ? ಮದುವೆಯಾಗಿ ಬಂದ ದಿನದಿಂದ ನೋಡಿದೀನಿ. ಡ್ಯೂಟಿಯಿಂದ ಬಂದ್ರೆ ಸೀದಾ ಅಮ್ಮನ ಹತ್ರ. ಇಬ್ರೂ ಕಾಗದ ಹರ್ಕೊಂಡು ಕೂತ್ರೆ ಊಟಕ್ಕೂ ಏಳ್ತಿರ್ಲಿಲ್ಲ. ನಾನು ಬಾಗ್ಲಲ್ಲಿ ನಿಂತಿದ್ದು ಯಾರಾದ್ರೂ ನೋಡಿದ್ರಾ? ಬಾ, ಕೂತ್ಕೋ ಅಂದ್ರಾ? ಮೆಂತ್ಯದ ವಾಸನೆಗೆ ತಲೆನೋವು ಅಂದೆ. ಇನ್ನೇನ್ ಅನ್ಲಿ? ನಾನು ಇಷ್ಟ್ ವರ್ಷ ತಡ್ಕೊಂಡಿಲ್ವಾ? ಯಾರ್ ಬುಟ್ಟಿಗೆ ಏನ್ ಹಾಕಿದೆ ನಾನು?”

ಮೂವತ್ತು ವರ್ಷ ಬಾಗಿಲಲ್ಲಿ ಒಬ್ಬರು ನಿಂತಿದ್ದರೆ ಗೊತ್ತಾಗದೇ ಹೋಗುತ್ತದೆಯೇ ಎಂದು ಆ ರಾತ್ರಿಯೆಲ್ಲ ಯೋಚಿಸಿದೆ. ನಾನೂ ಬಾಗಿಲಲ್ಲಿ ನಿಂತವನೇ. ಆದರೆ ನಾನು ಒಳಗಿನ ಕಡೆಯೇ ನೋಡುತ್ತಿದ್ದೆ.

ಮರುದಿನವೂ ಇವಳ ಸಿಟ್ಟು ಇಳಿದಿರಲಿಲ್ಲ. ಆದರೆ ಕೆಲಸ ನಿಲ್ಲಿಸುವಂತಿರಲಿಲ್ಲ. ಉಳಿದದ್ದು ಹನ್ನೊಂದೇ ದಿನ, ಮೋಡ ಬೇರೆ ಕಟ್ಟುತ್ತಿತ್ತು. ಕಾಗದದ ಕಟ್ಟನ್ನು ನಾನು ಬಿಚ್ಚಲು ಹೋದಾಗ ಇವಳು ಬಂದು ಎಳೆದುಕೊಂಡಳು. “ನೀವು ಮುಟ್ಬೇಡಿ. ನಾನೇ ಆಯ್ತೀನಿ.” ಐವತ್ತು ವರ್ಷದ ನನ್ನ ಕೆಲಸ ಅಲ್ಲಿಗೆ ಹೋಯಿತು. ಅಮ್ಮ ಪಕ್ಕದಲ್ಲಿ ಕೂತು ಒಂದೊಂದು ಹಾಳೆಯನ್ನೂ ಕಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದರು. ನಾನು ನೀರು ಹೊತ್ತು ತಂದು ಸುರಿದೆ, ಅಷ್ಟೇ.

ಹಿಟ್ಟು ರುಬ್ಬಿದ ದಿನ ಜಗಲಿಯಲ್ಲಿ ಎರಡು ತಪ್ಪಲೆ ಬೋರಲು ಬಿದ್ದವು. ನಾನು ರೂಢಿಯಂತೆ ಎದ್ದೆ.

“ಎಲ್ಲಿಗೆ?” ಎಂದಳು ಇವಳು.

“ಒಳಗೆ.”

“ಕೂತ್ಕೊಳ್ಳಿ. ಒಂದು ನೀವು ತಟ್ಟಿ. ಇಲ್ದಿದ್ರೆ ನಾಳೆ ಮೊಮ್ಮಗಳ ಮದುವೆಗೂ ಇದೇ ರಾಮಾಯಣ.”

ನಾನು ಅಮ್ಮನ ಮುಖ ನೋಡಿದೆ. ಅಂಗೈ ಬಿಸಿ ಎನ್ನುತ್ತಾರೆ ಎಂದು ಕಾದೆ. ಅಮ್ಮ ಎಲೆ ಅಡಿಕೆ ಕುಟ್ಟುತ್ತಿದ್ದರು. ತಲೆ ಎತ್ತಲಿಲ್ಲ. ನಾನು ಕೂತೆ.

ಹಿಟ್ಟು ಕೈಗೆ ಬಂದ ಕೂಡಲೇ ಗೊತ್ತಾಯಿತು, ಬಾಗಿಲಿನಿಂದ ನೋಡಿದ ಐವತ್ತು ವರ್ಷ ಒಂದು ಹೆಬ್ಬೆರಳಿಗೂ ಇಳಿದಿಲ್ಲ ಎಂದು. ತಳದಲ್ಲಿ ದಪ್ಪವಾಯಿತು. ಹೊಟ್ಟೆಗೆ ಇಳಿಯುವಾಗ ತೆಳುವಾಗಿ ಬಟ್ಟೆ ಕಂಡಿತು. ಮೇಲಿನಿಂದ ಕಿತ್ತು ಕೆಳಗೆ ಅಂಟಿಸಿದರೆ ಅಲ್ಲಿಂದ ಜಾರಿತು. ಪಕ್ಕದಲ್ಲಿ ಇವಳ ತಪ್ಪಲೆಯ ಮೇಲೆ ಹಿಟ್ಟು ಸೆರಗು ಎಳೆದುಕೊಂಡ ಹಾಗೆ ತಾನಾಗಿ ಇಳಿಯುತ್ತಿತ್ತು. ನನಗೆ ಮತ್ತೆ ಅದೇ ಹಸಿಮೆಣಸಿನಕಾಯಿ. ತಪ್ಪೊಪ್ಪಿಕೊಂಡರೆ ಅದು ಹೋಗುತ್ತದೆ ಎಂದುಕೊಂಡಿದ್ದೆ, ಹೋಗಿರಲಿಲ್ಲ. ಇವಳು ಒಂದು ಸಲವೂ ನನ್ನ ತಪ್ಪಲೆಗೆ ಕೈ ಹಾಕಲಿಲ್ಲ, ಹೀಗೆ ಮಾಡಿ ಎನ್ನಲಿಲ್ಲ. ಅಮ್ಮ ಮಾತ್ರ ಹಿಟ್ಟಿನ ಸದ್ದನ್ನೇ ಕೇಳಿಸಿಕೊಂಡು, “ಒತ್ಬೇಡ. ತಳ್ಳು” ಎಂದರು. ಇನ್ನೂ ಸ್ವಲ್ಪ ಹೊತ್ತಾದ ಮೇಲೆ, “ತಳ್ಳು ಅಂದ್ನಲ್ಲ” ಎಂದರು. ಅಮ್ಮ ನನಗೆ ಕಲಿಸಿದ್ದು ಅಷ್ಟೇ, ಎರಡು ವಾಕ್ಯ.

ಮೋಡ ಒಂದು ದಿನ ಕಾಡಿತು, ಫ್ಯಾನಿನ ಕೆಳಗಿಟ್ಟೆವು. ಮದುವೆಗೆ ಎರಡು ದಿನವಿರುವಾಗ ಬಿಡಿಸಿದೆವು. ಅಮ್ಮ ಇವಳದನ್ನು ಸವರಿ, ತಟ್ಟಿ, ಪಕ್ಕಕ್ಕಿಟ್ಟರು. ನನ್ನದನ್ನು ತೆಗೆದುಕೊಂಡರು. ಬೆರಳುಗಳು ತಳದಿಂದ ಹೊಟ್ಟೆಗೆ ಬಂದು ಒಂದು ಕಡೆ ನಿಂತವು, ಮುಂದೆ ಹೋದವು, ಮತ್ತೆ ನಿಂತವು.

“ಇದ್ಕೆ ಅಕ್ಕಿ ಆಕ್ಬೇಡಿ” ಎಂದರು ಅಮ್ಮ. “ತಡ್ಯಲ್ಲ. ಅರಿಶ್ಣದ್ ಕೊಂಬು, ಕೊಬ್ರಿ ಆಕಿ. ಬೆಲ್ಲಾನೂ ಅಕ್ಕಿ ಬುಟ್ಟಿಗೇ ಓಗ್ಲಿ.”

ಯಲಹಂಕದ ಛತ್ರದಲ್ಲಿ ಮಗಳನ್ನು ಕಳಿಸಿಕೊಡುವ ಹೊತ್ತು. ಮಗಳು ಒಂದು ಕಂಕುಳಿಗೆ ಅಕ್ಕಿಯ ಬುಟ್ಟಿ ಹಿಡಿದಿದ್ದಳು, ನನ್ನದನ್ನು ಅವಳ ಅತ್ತೆ ಇಸಿದುಕೊಂಡಿದ್ದರು. ಆಕೆ ಮಾಕಳಿಯ ಕಡೆಯವರು, ಒಕ್ಕಲುತನದ ಮನೆಯ ಹೆಂಗಸು, ಇಂಥದನ್ನು ತಿಳಿದವರು. ಅಳುವ ಗಲಾಟೆಯಲ್ಲೂ ಎರಡನ್ನೂ ಸುತ್ತಲೂ ಸವರಿ ನೋಡಿದರು.

“ಯಾರಮ್ಮಾ ಮಾಡಿದ್ದು ಈ ಅಕ್ಕಿ ಬುಟ್ಟೀನ? ಎಷ್ಟು ನೈಸಾಗೈತೆ!”

“ನನ್ ಸೊಸೆ” ಎಂದರು ಅಮ್ಮ. ಕುರ್ಚಿಯಲ್ಲಿ ಕೂತಿದ್ದವರು ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದರು. ಇವಳು ಅಳುತ್ತಿದ್ದವಳು, ಅಳುತ್ತಲೇ ನಕ್ಕಳು. ಇಂಥ ದಿನವೂ ನನ್ನ ಕಿವಿ ಬಿಸಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆಕೆ ನನ್ನ ಬುಟ್ಟಿಯನ್ನು ಬೆಳಕಿಗೆ ಹಿಡಿದರು. ತೆಳುವಾದ ಕಡೆ ಬೆಳಕು ಕಂಡಿರಬೇಕು. ಮರ್ಯಾದಸ್ಥರು, ಏನೂ ಅನ್ನಲಿಲ್ಲ. “ಮತ್ತೆ ಇದು?” ಎಂದಷ್ಟೇ ಕೇಳಿದರು.

ನಾನು ಛತ್ರದ ಕಂಬದ ಕಡೆ ನೋಡುತ್ತಾ ನಿಂತೆ.

“ಅದಾ?” ಎಂದರು ಅಮ್ಮ. ನನ್ನ ಕಡೆ ಕೈ ತೋರಿಸಲಿಲ್ಲ, ನಗಲೂ ಇಲ್ಲ. “ಅದು ಕಲಿಯೋರು ಮಾಡಿದ್ದು ಕಣವ್ವಾ. ಇನ್ನೂ ಕಲೀತಾವ್ರೆ.”